ಯೆಜ್ಡಿ ಬೋಲ್ಟುಗಳಿಗೆ ಸತುವಿನ ಹೊದಿಕೆ: ಇಲ್ಲಿಯವರೆಗಿನ ಕೆಲಸ

ನನ್ನ ಹಳೆಯ ಯೆಜ್ಡಿ ಬೈಕಿನ ಎಂಜಿನ್ ಕೆಲಸ ಮುಗಿಯಿತು, ಈಗ ಸಣ್ಣಪುಟ್ಟ ಸಾಮಾನುಗಳ ಸರದಿ. ನಟ್ಟು, ಬೋಲ್ಟು, ವಾಷರ್, ಕ್ಲ್ಯಾಂಪ್‌ಗಳಿಗೆ ಮನೆಯಲ್ಲೇ ಸತುವಿನ ಪ್ಲೇಟಿಂಗ್, ಅಂದರೆ ಕರೆಂಟು ಹರಿಸಿ ಸತುವಿನ ತೆಳು ಹೊದಿಕೆ ಕೂರಿಸುವ ಕೆಲಸ, ಮಾಡುತ್ತಿದ್ದೇನೆ. ಸ್ಟೇನ್‌ಲೆಸ್ ಬೋಲ್ಟು ಕೊಂಡು ಹಾಕಿದರೆ ಸಲೀಸು, ನಿಜ. ಆದರೆ ಇದು ಇದೇ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಗಾಡಿ, ಆ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಬಿಗಿದಿದ್ದ ಬೋಲ್ಟುಗಳನ್ನೇ ಮತ್ತೆ ಬಿಗಿಯಬೇಕು ಅನ್ನುವುದು ನನ್ನ ಹಟ.

ಕ್ರೋಮ್ ಬಿಟ್ಟು ಸತುವೇ ಯಾಕೆ ಅಂತ ಹಲವರು ಕೇಳಿದರು. ಎರಡೂ ಒಟ್ಟಿಗಿದ್ದರೆ ಕಬ್ಬಿಣಕ್ಕಿಂತ ಮೊದಲು ಸವೆಯುವ ಲೋಹ ಸತು. ಸ್ಪ್ಯಾನರ್ ತಾಗಿ ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಿಕ್ಕಲ್, ಕ್ರೋಮ್ ಲೆಕ್ಕ ಇದಕ್ಕೆ ತಿರುಗಾಮುರುಗಾ. ಹೊದಿಕೆ ಅಖಂಡವಾಗಿರುವಷ್ಟು ದಿನ ಚೆಂದ; ಸೂಜಿಮೊನೆಯಷ್ಟು ತೂತು ಬಿದ್ದರೂ ಅಲ್ಲಿ ಕಬ್ಬಿಣವೇ ಮೊದಲು ತುಕ್ಕು ಹಿಡಿಯುತ್ತದೆ. ಹಳೆಯ ರಿಮ್ಮುಗಳ ಮೇಲೆ ಕಂದು ಚುಕ್ಕೆ ಏಳುವುದು ಹೀಗೆ. ಅಂದಕ್ಕೆ ಕ್ರೋಮ್, ಬಿಗಿಯುವ ಸಾಮಾನಿಗೆ ಸತು.

ದ್ರಾವಣದ ಮುಖ್ಯ ವಸ್ತು ಜಿಂಕ್ ಸಲ್ಫೇಟ್. ಭತ್ತದ ಗದ್ದೆಗೆ ಹಾಕಲು ಗೊಬ್ಬರದಂಗಡಿಯಲ್ಲಿ ಮಾರುತ್ತಾರಲ್ಲ, ಅದೇ. ಅದರಲ್ಲಿ ಕಶ್ಮಲ ಇರುವುದರಿಂದ ನಾನು ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧವಾದದ್ದನ್ನೇ ತಂದೆ. ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಪವರ್ ಸಪ್ಲೈಯ ಪ್ಲಸ್ ಸತುವಿನ ತಗಡಿಗೆ, ಮೈನಸ್ ಬೋಲ್ಟಿಗೆ. ತಗಡಿನಿಂದ ಉದುರುವ ಕಪ್ಪು ಪುಡಿ ಬೋಲ್ಟಿಗೆ ಅಂಟದಂತೆ ತಗಡಿಗೆ ಹಳೆಯ ಪಂಚೆಯ ತುಂಡು ಸುತ್ತಿದ್ದೇನೆ.

ಕರೆಂಟಿನ ಲೆಕ್ಕ ನನಗೆ ಬಲು ಇಷ್ಟ. ಫ್ಯಾರಡೆ ನಿಯಮದ ಪ್ರಕಾರ 1 ಆಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ 1.22 ಗ್ರಾಂ ಸತು ಕೂರುತ್ತದೆ. 100 ಚದರ ಸೆಂಟಿಮೀಟರ್ ಮೈಮೇಲೆ ಅದು ಸುಮಾರು 17 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 17 ಭಾಗ) ದಪ್ಪ. ಬೋಲ್ಟಿಗೆ ಅದರರ್ಧ ಸಾಕು, ದಪ್ಪ ಜಾಸ್ತಿಯಾದರೆ ಬೋಲ್ಟಿನ ತಿರುಪಿನ ಮೇಲೆ ನಟ್ಟು ಹತ್ತುವುದಿಲ್ಲ. ಆತುರಕ್ಕೆ ಕರೆಂಟು ಏರಿಸಿದರೆ ಅಂಚುಗಳಲ್ಲಿ ಕಪ್ಪಗೆ, ಒರಟಾಗಿ ಕೂರುತ್ತದೆ.

ಆದರೂ ಮುಕ್ಕಾಲು ಪಾಲು ಕೆಲಸ ಶುಚಿ ಮಾಡುವುದರಲ್ಲೇ ಇದೆ. ತುಕ್ಕಿಗೆ ವಿನೆಗರ್, ವೈರ್ ಬ್ರಷ್. ಜಿಡ್ಡಿಗೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರು. ಕೊನೆಗೆ ನೀರಿನಲ್ಲಿ ಅದ್ದಿ ಎತ್ತಿದಾಗ ನೀರು ಹನಿ ಒಡೆಯದೆ ಇಡೀ ಮೈಗೆ ಹಾಳೆಯಾಗಿ ಹರಡಿಕೊಳ್ಳಬೇಕು. ಎಲ್ಲಾದರೂ ಹನಿ ಕಟ್ಟಿತೋ, ಜಿಡ್ಡು ಉಳಿದಿದೆ, ಅಲ್ಲಿ ಪ್ಲೇಟಿಂಗ್ ಕಿತ್ತು ಬರುತ್ತದೆ. ಬೆರಳು ತಾಕಿದರೂ ಮತ್ತೆ ತೊಳೆಯಬೇಕು.

ಸ್ಪ್ರಿಂಗು ಮತ್ತು ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಇದರಿಂದ ದೂರ ಇಟ್ಟಿದ್ದೇನೆ. ಆಮ್ಲದಲ್ಲೂ ಪ್ಲೇಟಿಂಗಿನಲ್ಲೂ ಹುಟ್ಟುವ ಹೈಡ್ರೋಜನ್ ಅಂಥ ಉಕ್ಕಿನೊಳಗೆ ಸೇರಿ, ಮುಂದೆ ಹೊರೆ ಬಿದ್ದಾಗ ಆ ಉಕ್ಕು ಸುಳಿವೇ ಕೊಡದೆ ಮುರಿಯುತ್ತದೆ. ಇದನ್ನು ತಪ್ಪಿಸಲು ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಅದಕ್ಕೆ ನಂಬುವಂಥ ಓವನ್ ನನ್ನಲ್ಲಿಲ್ಲ. ಅವುಗಳಿಗೆ ಎಣ್ಣೆಯೇ ಗತಿ.

ಎಂಜಿನ್ ಕವರಿನ ಸ್ಕ್ರೂ, ಮಡ್‌ಗಾರ್ಡ್ ಬೋಲ್ಟುಗಳು ತಯಾರು. ಬೂದು ಬಣ್ಣಕ್ಕೆ ಬಂದಿವೆ, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿದರೆ ತಿಳಿ ಹೊಳಪು. ಮುಂದೆ ಚೈನ್ ಕವರ್ ಕ್ಲ್ಯಾಂಪುಗಳು. ಕಿಕ್ ಲಿವರ್ ಮಾತ್ರ ಕ್ರೋಮ್‌ಗೆ ವರ್ಕ್‌ಶಾಪಿಗೇ ಹೋಗುತ್ತದೆ. ಕ್ರೋಮ್ ದ್ರಾವಣದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಮನೆಯೊಳಗೆ ಬೇಡವೇ ಬೇಡ. ಕ್ರೋಮ್‌ಗೆ ಮೊದಲು ನಿಕ್ಕಲ್ ದಪ್ಪಗೆ ಕೂರಿಸಿಕೊಡಿ ಅಂತ ಈಗಲೇ ಹೇಳಿ ಬಂದಿದ್ದೇನೆ.