ನಿಲ್ಲಲಿ ಎಂದೇ ಇಟ್ಟ ಹೆಸರು: ತುರ್ಸುನ್

ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಳ್ಳುತ್ತಿದ್ದ ಮನೆಯನ್ನು ಕುರಿತು ನಮ್ಮ ಹಿರಿಯರು ‘ಅವರಿಗೆ ಮಕ್ಕಳು ನಿಲ್ಲುವುದಿಲ್ಲ’ ಎನ್ನುತ್ತಿದ್ದರು. ಮಧ್ಯ ಏಷ್ಯಾದ ಉಜ್ಬೆಕ್, ಉಯ್ಗುರ್, ಕಿರ್ಗಿಜ್ ಮತ್ತು ಕಜಾಕ್ ಜನರಲ್ಲಿ ಬಳಕೆಯಲ್ಲಿರುವ ತುರ್ಸುನ್ ಎಂಬ ಗಂಡು ಹೆಸರಿನ ಅರ್ಥವನ್ನು ತಿಳಿದಾಗ ನನಗೆ ಮೊದಲು ನೆನಪಾದದ್ದು ಈ ಮಾತೇ. ಈ ಜನರಾಡುವ ತುರ್ಕಿಕ್ ಕುಟುಂಬದ ಭಾಷೆಗಳಲ್ಲಿ ‘ತುರ್’ ಎಂಬ ಧಾತುವಿಗೆ ನಿಲ್ಲು, ಇರು, ಉಳಿ ಎಂಬ ಅರ್ಥಗಳಿವೆ. ‘ಸುನ್’ ಎಂಬ ಪ್ರತ್ಯಯವು ನಮ್ಮ ‘ಮಾಡಲಿ’, ‘ಬರಲಿ’ ಎಂಬಲ್ಲಿನ ‘ಅಲಿ’ ಪ್ರತ್ಯಯದಂತೆ ಪ್ರಥಮ ಪುರುಷದಲ್ಲಿ ಹಾರೈಕೆಯನ್ನು ಸೂಚಿಸುತ್ತದೆ. ಆದ್ದರಿಂದ ತುರ್ಸುನ್ ಎಂದರೆ ‘ನಿಲ್ಲಲಿ’, ಅಂದರೆ ಈ ಮಗುವಾದರೂ ನಮ್ಮ ಪಾಲಿಗೆ ಉಳಿಯಲಿ. ಕನ್ನಡಕ್ಕೆ ಇಷ್ಟು ನೇರವಾಗಿ ಬರುವ ಪರಭಾಷೆಯ ಹೆಸರು ನನಗೆ ಬೇರೆ ಸಿಕ್ಕಿಲ್ಲ.

ತುರ್ಕಿಯಲ್ಲಿ ಇದೇ ಹೆಸರು ದುರ್ಸುನ್ ಎಂದಾಗಿದೆ. ತುರ್ಕಿಯ ಭಾಷೆ ಸೇರಿರುವ ತುರ್ಕಿಕ್ ಕವಲಿನಲ್ಲಿ ಅನೇಕ ಪದಗಳ ಮೊದಲ ತಕಾರವು ದಕಾರವಾಗಿ ಮೆದುವಾಗಿದ್ದು, ಬೇರೆಡೆ ‘ತೆಮಿರ್’ ಎನಿಸಿಕೊಳ್ಳುವ ಕಬ್ಬಿಣವೂ ಅಲ್ಲಿ ‘ದೆಮಿರ್’ ಆಗಿದೆ. ಕಪ್ಪು ಸಮುದ್ರದ ಕರಾವಳಿಯ ನಗೆಕಥೆಗಳಲ್ಲಿ ತೆಮೆಲ್ ಎಂಬವನ ಜೊತೆಗಾರನಾಗಿ ಬರುವವನೂ ದುರ್ಸುನನೇ. ಅಳುವಿನಲ್ಲಿ ಹುಟ್ಟಿದ ಹೆಸರು ಜನರ ನಗುವಿನೊಳಗೂ ನೆಲೆ ಕಂಡುಕೊಂಡಿರುವುದು ನನಗೆ ತುಂಬ ಇಷ್ಟವಾದ ಸಂಗತಿ.

ಇನ್ನೂ ಸೊಗಸಾದ ವಿಷಯವೆಂದರೆ, ಈ ಒಂದೇ ಧಾತುವಿನ ಬೇರೆ ಬೇರೆ ಕ್ರಿಯಾರೂಪಗಳೂ ಹೆಸರುಗಳಾಗಿವೆ. ತುರ್ದಿ ಎಂದರೆ ‘ನಿಂತಿತು’, ತುರಾರ್ ಎಂದರೆ ‘ನಿಲ್ಲುತ್ತದೆ’, ತುರ್ಕಿಯ ದುರ್ಮುಷ್ ಎಂದರೆ ‘ನಿಂತಿದೆ’. ಒಂದು ಹೆಸರಿನಲ್ಲಿ ಬೇಡಿಕೆಯಿದ್ದರೆ, ಮತ್ತೊಂದರಲ್ಲಿ ಬೇಡಿದ್ದು ಕೈಗೂಡಿದ ಸಮಾಧಾನವಿದೆ. ತುರಾರ್ ಎಂಬುದರಲ್ಲಿಯಂತೂ ಸಾವಿಗೆ ಎದುರಾಗಿ ಆಡಿದ ದೃಢವಾದ ಮಾತೇ ಇದೆ.

ಕಿರ್ಗಿಜ್ ಜನರು ನೂರು ಸೋಮ್ ನೋಟಿನ ಮೇಲೆ ಚಿತ್ರವನ್ನು ಅಚ್ಚು ಹಾಕಿ ಗೌರವಿಸಿರುವ ಆಶುಕವಿ, ಕೋಮುಜ್ ಎಂಬ ತಂತಿವಾದ್ಯದ ವಾದಕ ತೊಕ್ತೊಗುಲ್ ಸತಿಲ್ಗಾನೊವ್ (1864–1933) ಅವರ ಹೆಸರಿನಲ್ಲಿಯೂ ಇಂಥದೇ ಹಾರೈಕೆ ಅಡಗಿದೆ. ‘ತೊಕ್ತೊ’ ಎಂದರೂ ನಿಲ್ಲು ಎಂದೇ ಅರ್ಥ. ಅವರ ತಂದೆಯ ಹೆಸರಾದ ಸತಿಲ್ಗಾನ್ ಎಂದರೆ ‘ಮಾರಲ್ಪಟ್ಟವನು’: ಮಗುವನ್ನು ಬೇರೆಯವರಿಗೆ ಮಾರಿದಂತೆ ಮಾಡಿ, ಇದು ಈ ಮನೆಯದಲ್ಲವೆಂದು ಕೆಡುಕಿನ ಕಣ್ಣು ತಪ್ಪಿಸುವ ಪದ್ಧತಿಯಿಂದ ಬಂದ ಹೆಸರು. ನಮ್ಮಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದು ಕರೆದ ತಾಯಂದಿರ ಉದ್ದೇಶವೂ ಇದೇ ಆಗಿತ್ತು. ಹೆಣ್ಣುಮಕ್ಕಳು ಸಾಕೆಂದು ತುರ್ಕಿಯಲ್ಲಿ ಇಡುವ ಯೆತೆರ್ ಎಂಬ ಹೆಸರಿಗೆ ನಮ್ಮ ಸಾಕಮ್ಮನೂ ಜೊತೆಯಾಗಿದ್ದಾಳೆ, ಆದರೆ ಆ ಹೆಸರಿನ ನೋವು ಬೇರೆ ಬಗೆಯದು.

ಹೆಸರಿನ ಅರ್ಥವನ್ನು ಕೊಡುವ ಪಟ್ಟಿಗಳು ತುರ್ಸುನ್ ಎಂಬುದರ ಮುಂದೆ ‘ದೀರ್ಘಾಯುಷಿ’ ಎಂದು ಬರೆದರೆ ಅದು ನನಗೆ ಒಪ್ಪಿಗೆಯಾಗುವುದಿಲ್ಲ. ದೀರ್ಘಾಯುಷಿ ಎಂಬುದು ಮಗುವಿನ ಗುಣವನ್ನು ಹೇಳುವ ಪದ; ತುರ್ಸುನ್ ಎಂಬುದು, ಹಿಂದಿನ ಕೂಸುಗಳನ್ನು ಮಣ್ಣು ಮಾಡಿ ಬಂದ ತಂದೆತಾಯಿ ಹೊಸ ಕೂಸಿನ ತೊಟ್ಟಿಲ ಮುಂದೆ ನಿಂತು ಆಡಿದ ವಾಕ್ಯ.