ರುಬಿಡಿಯಂ, ಯುಪಿಎಸ್ ಮತ್ತು ರೊಟ್ಟಿ ಡಬ್ಬಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಕ್ಯಾಲಿಬ್ರೇಶನ್ ಲ್ಯಾಬ್, ಅಂದರೆ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಅಂತ ಪರೀಕ್ಷಿಸುವ ಜಾಗ. ಟೆಲಿಕಾಂ ಟವರ್‌ನಿಂದ ಬಿಚ್ಚಿದ ಹಳೆಯ ರುಬಿಡಿಯಂ ಆಸಿಲೇಟರ್ ಒಂದನ್ನು ಸಾಹೇಬರು ಅಗ್ಗಕ್ಕೆ ತರಿಸಿದರು. ರುಬಿಡಿಯಂ ಪರಮಾಣುವಿನ ಆಧಾರದಲ್ಲಿ ನಿಖರವಾದ ಫ್ರೀಕ್ವೆನ್ಸಿ ಕೊಡುವ ಪೆಟ್ಟಿಗೆ ಅದು. ‘ತಿಂಗಳೊಳಗೆ ಏಜಿಂಗ್ ರಿಪೋರ್ಟ್ ಬೇಕು’ ಅಂದರು. ವಯಸ್ಸಾದಂತೆ ಫ್ರೀಕ್ವೆನ್ಸಿ ಎಷ್ಟು ಸರಿಯುತ್ತದೆ ಅನ್ನುವುದೇ ಏಜಿಂಗ್. ಬೆಂಚ್ ಮಾತ್ರ ಕೊಡಲಿಲ್ಲ. ರ್‍ಯಾಕ್‌ನಲ್ಲಿ ಯುಪಿಎಸ್ ಮೇಲಿನ ಅಂಕಣ ಖಾಲಿ ಇತ್ತು. ಅಲ್ಲೇ ಇಟ್ಟೆ.

ಆ ಜಾಗ ನಿಜಕ್ಕೂ ಖಾಲಿ ಇರಲಿಲ್ಲ. ಹುಡುಗರು ಬೆಳಿಗ್ಗೆ ಬಂದವರೇ ಊಟದ ಡಬ್ಬಿ ಅಲ್ಲಿ ಇಡುತ್ತಿದ್ದರು. ‘ಇದೇನು ಅಡಿಗೆಮನೆ ಅಲ್ಲ’ ಅಂತ ಗದರಿಸಿ ತೆಗೆಸಿದೆ. ಡಬ್ಬಿ ಅಲ್ಲೇ ಯಾಕೆ ಇಡುತ್ತಾರೆ ಅಂತ ಕೇಳಲಿಲ್ಲ.

ಜಿಪಿಎಸ್‌ನ 1ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್) ಜೊತೆ ಕೌಂಟರ್‌ನಲ್ಲಿ ಹೋಲಿಕೆ ಶುರುವಾಯಿತು. ಐದು ವಾರದಲ್ಲಿ ಫ್ರೀಕ್ವೆನ್ಸಿಯ ಗೆರೆ 6ಇ ಮೈನಸ್ 11ರಷ್ಟು, ಅಂದರೆ ಹತ್ತು ಸಾವಿರ ಕೋಟಿಯಲ್ಲಿ ಆರು ಪಾಲು, ಮೇಲೇರಿತು. ದಿನಕ್ಕೆ ಐದು ಮೈಕ್ರೋಸೆಕೆಂಡ್ ಲೆಕ್ಕ. ಈ ಜಾತಿಯ ಆಸಿಲೇಟರ್‌ಗಳ ಡೇಟಾಶೀಟ್‌ನಲ್ಲಿ ತಿಂಗಳಿಗೆ 5ಇ ಮೈನಸ್ 11 ಅಂತ ಬರೆದಿರುವುದು ಮಾಮೂಲಿ. ಹಾಗಾಗಿ ಅನುಮಾನವೇ ಬರಲಿಲ್ಲ. ಲಾಗ್‌ನಲ್ಲಿ ತಾಪಮಾನದ ಕಾಲಂ ಕೂಡ ಇತ್ತು: 24, 24, 24. ಸೆನ್ಸರ್ ಇದ್ದದ್ದು ಏಸಿಯ ಬಾಯಿಯ ಕೆಳಗೆ! ‘ತಾಪಮಾನ ಸ್ಥಿರ, ಆದ್ದರಿಂದ ಇದು ಏಜಿಂಗ್’ ಅಂತ ಬರೆದು ಸಹಿ ಹಾಕಿದೆ.

ಭಾನುವಾರ ಎಲೆಕ್ಟ್ರಿಷಿಯನ್ ಬಂದು ಹೋಗಿದ್ದ. ಸೋಮವಾರ ನೋಡಿದರೆ ಗೆರೆ 5ಇ ಮೈನಸ್ 11 ಕೆಳಗೆ ಬಿದ್ದಿದೆ. ಪರಮಾಣುವಿನ ಜೊತೆಗಿನ ಲಾಕ್ ಸರಿ ಇದೆ. ಬಿಎನ್‌ಸಿ ಕನೆಕ್ಟರ್ ಬಿಗಿ ಮಾಡಿದೆ. ಕೇಬಲ್ ಬದಲಿಸಿದೆ. ಆಂಟೆನಾ ನೋಡಲು ಬಿಸಿಲಲ್ಲಿ ಮಾಳಿಗೆ ಹತ್ತಿದೆ. ಕೌಂಟರ್‌ಗೆ ಬೈದೆ.

ಮಂಗಳವಾರ ಆಡಿಟ್. ಆಡಿಟರ್ ನನ್ನ ಗ್ರಾಫ್ ನೋಡಿದರು, ಆಮೇಲೆ ಸ್ಕ್ರೀನ್ ನೋಡಿದರು. ‘ಇದಕ್ಕೆ ವಯಸ್ಸು ವಾಪಸ್ ಬರುತ್ತಾ?’ ಅಂದರು. ನನ್ನ ಬಾಯಿ ಒಣಗಿತ್ತು. ಸಾಹೇಬರು ಕಿಟಕಿ ಕಡೆ ತಿರುಗಿದರು. ಪಕ್ಕದ ಫೌಂಡ್ರಿಯ ಸದ್ದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗ ಮೆಲ್ಲಗೆ ಅಂದ: ‘ಸರ್, ಯುಪಿಎಸ್ ಬ್ಯಾಟರಿ ಬದಲೀ ಮಾಡ್ಯಾರ್ರಿ. ಈಗ ಅಲ್ಲಿ ರೊಟ್ಟಿ ಬೆಚ್ಚಗ ಇರಂಗಿಲ್ರಿ.’

ಸಾಯುತ್ತಿದ್ದ ಬ್ಯಾಟರಿಗಳು ಚಾರ್ಜ್ ಎಳೆದು ಎಳೆದು ವಾರವಾರಕ್ಕೂ ಜಾಸ್ತಿ ಬಿಸಿಯಾಗುತ್ತಿದ್ದವು. ನಾನು ಅಳೆದದ್ದು ಅವುಗಳ ಮುಪ್ಪು.

ರುಬಿಡಿಯಂ ಪರಮಾಣುವಿನ ಸಹಜ ಫ್ರೀಕ್ವೆನ್ಸಿ, 6.8347 ಗಿಗಾಹರ್ಟ್ಸ್, ಎಲ್ಲೂ ಹೋಗಲ್ಲ. ಆದರೆ ಅದು ಕೂತಿರುವುದು ಗಾಜಿನ ಸೆಲ್‌ನಲ್ಲಿ, ಬಫರ್ ಗ್ಯಾಸ್ (ಪರಮಾಣು ಬೇಗ ಗೋಡೆಗೆ ಬಡಿಯದಂತೆ ತಡೆಯುವ ಅನಿಲ) ಜೊತೆ, ಲ್ಯಾಂಪ್‌ನ ಬೆಳಕಲ್ಲಿ. ತಾಪಮಾನ ಸ್ಥಿರವಾಗಿಡಲು ಒಳಗೆ ಓವನ್ ಇದ್ದರೂ ಹೊರಗಿನ ಬಿಸಿ ಸ್ವಲ್ಪ ನುಸುಳಿ ಫ್ರೀಕ್ವೆನ್ಸಿಯನ್ನು ಸರಿಸುತ್ತದೆ. ಈ ಸಲ ಬೇಸ್‌ಪ್ಲೇಟ್‌ಗೇ ತಾಪಮಾನ ಅಳೆಯುವ ಥರ್ಮಿಸ್ಟರ್ ಅಂಟಿಸಿದೆ. ಅಲ್ಯೂಮಿನಿಯಂ ಪ್ಲೇಟ್ ಮೇಲೆ 30ರಿಂದ 45 ಡಿಗ್ರಿವರೆಗೆ ಐದೈದು ಡಿಗ್ರಿ ಏರಿಸಿ, ಪ್ರತಿ ಮೆಟ್ಟಿಲಲ್ಲಿ ನಾಲ್ಕು ಗಂಟೆ ಕಾದು, ಹಾಗೇ ಇಳಿಸಿದೆ. ಡಿಗ್ರಿಗೆ ಸುಮಾರು 6ಇ ಮೈನಸ್ 12 ಬಂತು. ಆಮೇಲೆ 40ಕ್ಕೆ ಕಟ್ಟಿಹಾಕಿ ಒಂದು ತಿಂಗಳು. ನಿಜವಾದ ಏಜಿಂಗ್ 8ಇ ಮೈನಸ್ 12, ಅದೂ ಕೆಳಮುಖ. ಚಿಹ್ನೆ ಕೂಡ ನಾನು ಬರೆದದ್ದಕ್ಕೆ ಉಲ್ಟಾ.

ಆ ತಿಂಗಳಿಡೀ ಸಾಹೇಬರದು ಒಂದೇ ಪ್ರಶ್ನೆ: ‘ಏಜಿಂಗ್ ಸ್ವಲ್ಪ ಬೇಗ ಮಾಡಿಸೋಕೆ ಆಗಲ್ವಾ?’ ಬೆಂಚ್ ಮಾತ್ರ ಈಗ ಸಿಕ್ಕಿದೆ. ಹುಡುಗರು ಡಬ್ಬಿ ಇಡಲು ಬೇರೆ ಜಾಗ ಹುಡುಕಿದ್ದಾರೆ. ಕೌಂಟರ್‌ನ ಹಿಂದೆ. ನಾನೂ ನನ್ನ ಡಬ್ಬಿ ಅಲ್ಲೇ ಇಡುತ್ತೇನೆ.