ಹಾಸ್ಟೆಲಿನ ಅಕ್ಕೋರು, ರೇಡಿಯೋದ ಅಜ್ಜಿ

1974ರ ಮಳೆಗಾಲದಲ್ಲಿ ಕುಮಟಾ ಕಡೆಯ ಹಳ್ಳಿಯಿಂದ ಬಂದು ನಾನು ಕಾರವಾರದಲ್ಲಿ ಕಾಲೇಜು ಸೇರಿದೆ. ಹುಡುಗಿಯರ ಹಾಸ್ಟೆಲಿಗೆಲ್ಲ ಸೇರಿ ಒಂದೇ ರೇಡಿಯೋ. ಮೇಲ್ವಿಚಾರಕಿ ಅಕ್ಕೋರ ಕೋಣೆಯ ಗೋಡೆಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದರ ಮುಳ್ಳು ತಿರುಗಿಸುವ ಅಧಿಕಾರ ಅವರೊಬ್ಬರಿಗೇ. ಪಣಜಿ ಕೇಂದ್ರ ಪಕ್ಕದ ಮನೆಯವರು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಧಾರವಾಡ ಮಾತ್ರ ಘಟ್ಟ ಇಳಿದು ಬರಬೇಕು. ಮಿಂಚಿದಾಗಲೆಲ್ಲ ಕರಕರ ಅಂದು, ಮಾತು ನುಂಗಿ, ಮತ್ತೆ ಎದ್ದು ಬರುತ್ತಿತ್ತು.

ಒಂದು ರಾತ್ರಿ ನಾಟಕ ಬರುತ್ತಿತ್ತು. ಸೊಸೆಯ ಮೇಲೆ ಹರಿಹಾಯುವ ಒಬ್ಬ ಅಜ್ಜಿ. ಚಾಪೆಯ ಮೇಲೆ ಕೂತಿದ್ದ ನಾವು ಹನ್ನೆರಡು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನೀರು ಕುಡಿಯಲು ಎದ್ದವಳು ಬಾಗಿಲ ಬಳಿ ನಿಂತಿದ್ದ ಅಕ್ಕೋರನ್ನು ನೋಡಿದೆ. ಅವರ ತುಟಿ ಅಲುಗುತ್ತಿತ್ತು, ಅದೂ ಅಜ್ಜಿಗಿಂತ ಒಂದು ಗಳಿಗೆ ಮೊದಲೇ.

‘ಅಕ್ಕೋರೆ, ಇದು ನೀವಾ?’ ಅಂದೆ.

‘ಹೂಂ. ಸುಮ್ನ ಕೇಳು, ಮುಂದ ಅಳೂದೈತಿ,’ ಅಂದರು.

ನಮ್ಮ ಕಾಲೇಜಿನಲ್ಲಿ ಓದಿದ ಎಷ್ಟೋ ಜನರಿಗೆ ಅವರು ನೆನಪಿರುವುದು ಗೇಟಿನ ಬೀಗದ ಕೈ ಹಿಡಿದ ಮೇಲ್ವಿಚಾರಕಿಯಾಗಿ ಮಾತ್ರ. ಇಪ್ಪತ್ತಕ್ಕೂ ಹೆಚ್ಚು ವರ್ಷ ಧಾರವಾಡ ಆಕಾಶವಾಣಿಯ ನಾಟಕಗಳಲ್ಲಿ ಅಜ್ಜಿಯಾಗಿ, ಮಗುವಾಗಿ, ಬಾವಿಕಟ್ಟೆಯ ಜಗಳಗಂಟಿಯಾಗಿ ಮಾತಾಡಿದವರು ಅವರು. ಅವರಿಗೆ ಹೆಸರು ಎರಡು, ರೇಡಿಯೋದಲ್ಲಿ ಒಂದು, ಹಾಸ್ಟೆಲಿನ ರಿಜಿಸ್ಟರಿನಲ್ಲಿ ಇನ್ನೊಂದು. ಅವನ್ನು ಇಲ್ಲಿ ಬರೆಯುತ್ತಿಲ್ಲ. ಮನೆಯವರನ್ನು ಕೇಳಿದೆ, ಬೇಡ ಅಂದರು. ನನಗೆ ಮನಸ್ಸು ಒಪ್ಪಿಲ್ಲ, ಆದರೆ ಕೊಟ್ಟ ಮಾತು ಮುರಿಯಲಾರೆ.

ಅಕ್ಕೋರು ಹುಟ್ಟಿದ್ದೇ ನಾಟಕ ಕಂಪನಿಯಲ್ಲಿ, ಅದೂ ಸಿರ್ಸಿಯ ಕ್ಯಾಂಪಿನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆ ಕಂಪನಿಗಳಿಗೆ ಸುಗ್ಗಿಯ ಕಾಲ. ಅಪ್ಪ ಕಾಲು ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರ, ಅವ್ವ ನಾಯಕಿ, ಸೋದರಮಾವ ಸೀನಿನ ಪರದೆ ಬರೆಯುವವನು, ಅಣ್ಣಂದಿರಲ್ಲಿ ಒಬ್ಬ ರಾಜಪಾರ್ಟು, ಇನ್ನೊಬ್ಬ ಹಾಸ್ಯಗಾರ. ನಡೆಯಲು ಕಲಿತ ವರ್ಷವೇ ಇವರು ಲೋಹಿತಾಶ್ವ. ಬೀಳಗಿಯ ಗೋಹರ್‌ಬಾಯಿ, ಅಮೀರಬಾಯಿ ಅಕ್ಕತಂಗಿಯರು ಮುಂಬೈಗೆ ಹೋಗಿ ಹೆಸರು ಮಾಡಿದ ಕಥೆಯನ್ನು ಅವ್ವ ಮಲಗುವಾಗ ಹೇಳುತ್ತಿದ್ದಳಂತೆ, ಬೇರೆ ಮನೆಗಳಲ್ಲಿ ರಾಮಾಯಣ ಹೇಳಿದಂತೆ.

ನಮ್ಮ ಜಿಲ್ಲೆಯಲ್ಲಿ ಯಕ್ಷಗಾನದ ಮನೆತನಗಳನ್ನು ಅರಿಯದವರಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮಂಡಳಿಯನ್ನು ಮಗ, ಮೊಮ್ಮಗ ನಡೆಸಿಕೊಂಡು ಬಂದರು. ನಾಟಕ ಕಂಪನಿಯ ಮನೆತನಗಳು ಹಾಗೆ ಉಳಿಯಲಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ತೆರೆಕಂಡದ್ದೂ ಅದೇ 1934ರಲ್ಲಿ. ಸಿನಿಮಾ ಊರೂರಿಗೆ ಬಂದಂತೆ ಕಂಪನಿಗಳು ಒಂದೊಂದಾಗಿ ಪರದೆ ಮಾರಿದವು. ಅಕ್ಕೋರ ಮನೆಯವರು ಮಾರಿದ್ದು ಕಡೆಗೆ ಹಾರ್ಮೋನಿಯಂ.

ಕಾರವಾರದಲ್ಲಿ ಗುಮಾಸ್ತರಾಗಿದ್ದವರೊಬ್ಬರು ಇವರನ್ನು ಮದುವೆಯಾದರು. ಅತ್ತೆಮನೆಯ ಕರಾರು ಒಂದೇ, ಇನ್ನು ರಂಗ ಹತ್ತಬಾರದು. ‘ನಾಟಕದಾಕಿ’ ಅನ್ನುವ ಮಾತಿಗೆ ಆಗ ಎಂಥ ಅರ್ಥವಿತ್ತೆಂದು ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಶುರುವಾಗಿತ್ತು. ಕೆಲವು ವರ್ಷಗಳ ಮೇಲೆ ಇವರು ಹೋಗಿ ಧ್ವನಿ ಪರೀಕ್ಷೆ ಕೊಟ್ಟರು, ಪಾಸಾದರು. ‘ರಂಗ ಹತ್ತಬ್ಯಾಡ ಅಂದ್ರು. ರೇಡಿಯೋದಾಗ ರಂಗ ಎಲ್ಲೈತಿ? ನಾ ಮಾತು ಮುರಿದಿಲ್ಲವಾ,’ ಎಂದು ಒಮ್ಮೆ ನನಗೆ ಹೇಳಿದರು. ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಧ್ವನಿಮುದ್ರಣ ಇದ್ದಾಗ ತವರಿಗೆ ಹೋಗುವೆನೆಂದು ಹೇಳಿ ಬಸ್ಸು ಹತ್ತುವರು. ಅಂಕೋಲಾ, ಅರಬೈಲು ಘಟ್ಟ, ಯಲ್ಲಾಪುರ, ಕಲಘಟಗಿ ದಾಟಿ ಧಾರವಾಡ. ಒಮ್ಮೆ ಮರಳುವಾಗ ಯಲ್ಲಾಪುರದ ಚಹಾ ಅಂಗಡಿಯಲ್ಲಿ ಅವರದೇ ನಾಟಕ ಬರುತ್ತಿತ್ತಂತೆ. ಅಂಗಡಿಯವ ಚಹಾ ಸೋಸುವುದನ್ನೂ ಬಿಟ್ಟು ಕೇಳುತ್ತಿದ್ದ. ಇವರು ಚಹಾ ಕೊಡಪ್ಪಾ ಅಂದದ್ದಕ್ಕೆ, ‘ತಡಿರಿ ಅಮ್ಮಾ, ಅಜ್ಜಿ ಸಾಯೂಕೆ ಹತ್ತಿದ್ದು ಕೇಳ್ತಿಲ್ವಾ’ ಎಂದು ಗದರಿದನಂತೆ. ತಮ್ಮ ಬದುಕಿನಲ್ಲಿ ಸಿಕ್ಕ ದೊಡ್ಡ ಬಹುಮಾನ ಅದೇ ಎಂದು ಅವರು ಹೇಳಿಕೊಳ್ಳುತ್ತಿದ್ದರು.

ಕಂಪನಿಯಲ್ಲಿ ಮೈಕಿಲ್ಲದ ಕಾಲದಲ್ಲಿ ಬೆಳೆದ ದನಿ ಅದು. ಹಿಂದೆ ನೆಲದ ಮೇಲೆ ಕೂತವನಿಗೂ ಮುಟ್ಟಬೇಕು. ಸ್ಟುಡಿಯೋದಲ್ಲಿ ಮೊದಲ ಮಾತು ಆಡಿದಾಗ ಯಂತ್ರದ ಮುಳ್ಳು ಆ ತುದಿಗೆ ಹೊಡೆಯಿತಂತೆ. ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿದರು. ಆ ನಾಲ್ಕು ಹೆಜ್ಜೆ ಮುಂದೆ ಬರಲು ವರ್ಷ ಹಿಡಿಯಿತು. ‘ಕಂಪನಿಯೊಳಗ ಸಾವಿರ ಮಂದಿಗೆ ಮಾತಾಡಬೇಕು. ಇಲ್ಲಿ ಒಬ್ಬಾಕಿಗೆ. ಆಕಿ ರೊಟ್ಟಿ ಬಡ್ಯಾಕ ಕುಂತಾಳ, ನೀ ಆಕಿ ಬಾಜೂಕ ಕುಂತೀದಿ.’ ಮುಂದೆ ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ. ಪಾಠ ಹೇಳುವುದನ್ನು ನಾನು ಕಲಿತದ್ದು ಈ ಮಾತಿನಿಂದ.

ಮಗುವಿನ ದನಿ ಹೇಗೆ ತೆಗೆಯುತ್ತೀರಿ ಎಂದು ಕೇಳಿದ್ದೆ. ದನಿ ಸಣ್ಣ ಮಾಡಿದರೆ ಬರೀ ಇಲಿ ಕೂಗಿದಂತಾಗುತ್ತದೆ, ನೋಡಬೇಕಾದ್ದು ಉಸಿರನ್ನು ಅಂದರು. ದೊಡ್ಡವರು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಮಕ್ಕಳು ಹೇಳುವ ಆತುರದಲ್ಲಿ ಶಬ್ದದ ನಡುವೆಯೇ ಉಸಿರು ಮುಗಿಸಿಕೊಳ್ಳುತ್ತಾರೆ. ಆಮೇಲೆ ನಾನು ಎಷ್ಟೋ ಮಕ್ಕಳನ್ನು ಗಮನಿಸಿದ್ದೇನೆ, ಅದು ಹಾಗೆಯೇ.

ಅವರ ಒಂದು ನಾಟಕವಾದರೂ ಸಿಕ್ಕೀತೇ ಎಂದು ಬಹಳ ಹುಡುಕಿದೆ. ಆ ಕಾಲದಲ್ಲಿ ಸ್ಪೂಲ್ ಟೇಪು ದುಬಾರಿ, ಪ್ರಸಾರವಾದ ಮೇಲೆ ಅಳಿಸಿ ಅದರ ಮೇಲೇ ಮತ್ತೊಂದನ್ನು ಮುದ್ರಿಸುವುದು ರೇಡಿಯೋ ಲೋಕದಲ್ಲೆಲ್ಲ ಇದ್ದ ರೂಢಿ. ಏನೂ ಸಿಗಲಿಲ್ಲ. ಫೋಟೋ ಒಂದಿದೆ, 1977ರ ನಮ್ಮ ಬೀಳ್ಕೊಡುಗೆಯದು. ಅದರಲ್ಲಿ ಅವರು ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾಗಿದ್ದಾರೆ.

ಅದರ ಹಿಂದಿನ ವರ್ಷದ ಕಾಲೇಜು ಗ್ಯಾದರಿಂಗಿನ ಮಾತು ಹೇಳಲೇಬೇಕು. ಹುಡುಗಿಯರು ನಾಟಕ ಮಾಡಲು ಹಲವರ ಮನೆಯಲ್ಲಿ ಬಿಡಲಿಲ್ಲ. ಹಾಗಾದರೆ ಪರದೆ ಹಿಂದೆ ನಿಂತು ರೇಡಿಯೋ ನಾಟಕ ಮಾಡೋಣ, ಯಾರ ಮುಖವೂ ಕಾಣುವುದಿಲ್ಲ ಎಂದು ಅಕ್ಕೋರೇ ಸೂಚಿಸಿದರು. ನಮ್ಮ ಕನ್ನಡ ಅಧ್ಯಾಪಕರು ಬರೆದುಕೊಟ್ಟರು. ಬಿರುಗಾಳಿಗೆ ಸಿಕ್ಕ ದೋಣಿ, ಅದರಲ್ಲಿ ಅಜ್ಜಿ ಮತ್ತು ಮೊಮ್ಮಗ. ಯಾರೋ ಟೇಪ್ ರೆಕಾರ್ಡರ್ ತಂದು ಕಾರವಾರದ ಕಡಲನ್ನೇ ಮುದ್ರಿಸಿಕೊಂಡು ಬಂದರು. ಹಾಕಿ ಕೇಳಿದರೆ ಹಪ್ಪಳ ಕರಿದ ಹಾಗೆ! ಅಕ್ಕೋರು ಅಡಿಗೆಮನೆಯಿಂದ ಮೊರ ತರಿಸಿ, ಮುಷ್ಟಿ ಅಕ್ಕಿ ಹಾಕಿ, ಮೈಕಿನ ಮುಂದೆ ನಿಧಾನ ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ತೆರೆ ಬಂತು, ಹೋಯಿತು. ಮೊರ ನನ್ನ ಕೈಗೆ ಕೊಟ್ಟರು. ಬಕೆಟ್ ನೀರಿನಲ್ಲಿ ಮರದ ಸೌಟು ದೋಣಿಯ ಹುಟ್ಟಾಯಿತು, ತಗಡು ಗುಡುಗಾಯಿತು. ಹಾಳೆ ಸದ್ದು ಮಾಡದಂತೆ ಬಿಡಿಬಿಡಿಯಾಗಿ ಹಿಡಿದು, ಓದಿ ಮುಗಿದದ್ದನ್ನು ನೆಲಕ್ಕೆ ಜಾರಿಸುವುದನ್ನು ಎಲ್ಲರಿಗೂ ಕಲಿಸಿದರು.

ಮೊಮ್ಮಗನ ಪಾರ್ಟಿನವಳಿಗೆ ಆ ದಿನವೇ ಜ್ವರ. ಅಜ್ಜಿಯ ಪಾರ್ಟಿನವಳು ಹೆದರಿ ಅತ್ತುಬಿಟ್ಟಳು. ಅಕ್ಕೋರು ಎರಡೂ ಪಾರ್ಟಿನ ಹಾಳೆ ತೆಗೆದುಕೊಂಡರು. ದೀಪ ಆರಿಸಿದಾಗ ಹುಡುಗರು ಸಿಳ್ಳೆ ಹೊಡೆದರು. ನಾನು ಮೊರ ವಾಲಿಸುತ್ತ ಅವರನ್ನೇ ನೋಡುತ್ತಿದ್ದೆ. ಅಜ್ಜಿಯಾಗಿ ಮಾತಾಡುವಾಗ ಮೈಕಿಗೆ ಎದೆಗೊಟ್ಟು ಬಾಗಿದವರು, ಮೊಮ್ಮಗನಾಗುವಾಗ ಹಿಮ್ಮಡಿ ಎತ್ತಿ ಗದ್ದ ಮೇಲೆ ಮಾಡುತ್ತಿದ್ದರು. ಒಂದೇ ಗಂಟಲಿನಿಂದ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಸಿಳ್ಳೆ ಯಾವಾಗ ನಿಂತಿತೋ ತಿಳಿಯಲಿಲ್ಲ.

ದೀಪ ಹತ್ತಿದ ಮೇಲೆ ಪ್ರಾಂಶುಪಾಲರು ಪರದೆಯ ಹಿಂದೆ ಬಂದು, ‘ಆ ಹುಡುಗ ಯಾರ ಮನೆಯವನು? ಕರೀರಿ ನೋಡೋಣ,’ ಅಂದರು. ನಾವು ಸುತ್ತ ನೋಡಿದೆವು. ಅಕ್ಕೋರು ಇರಲಿಲ್ಲ, ಆಗಲೇ ಗೇಟು ತೆಗೆಯಲು ಹೋಗಿದ್ದರು.

ನಾವು ಮರಳುವಷ್ಟರಲ್ಲಿ ಎಂದಿನಂತೆ ಕಂದೀಲು, ರಿಜಿಸ್ಟರು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಹಾಜರಿ ಕೂಗಲು ಶುರು ಮಾಡಿದರು. ಮೊದಲ ಹೆಸರು ಕರೆದದ್ದು ಅಜ್ಜಿ. ಎರಡನೆಯದನ್ನು ಅಂಬಿಗ ಕರೆದ. ನಾವು ಉಸಿರು ಬಿಗಿಹಿಡಿದು ಸಾಲಾಗಿ ನಿಂತೆವು. ಹದಿನೇಳನೆಯದು ನನ್ನ ಹೆಸರು. ಮೊಮ್ಮಗ ಕರೆದ, ಹೆಸರಿನ ನಡುವೆ ಉಸಿರು ಮುಗಿಸಿಕೊಂಡು.